ಹಯಾಟಲ್ ಹರ್ನಿಯಾ: ಎದೆಯುರಿಯೊಡನೆ ಬದುಕು, ಚಿಕಿತ್ಸೆಯ ಆಯ್ಕೆ

ಎಂಡೋಸ್ಕೋಪಿ ವರದಿಯ ಕೊನೆಯ ಸಾಲಿನಲ್ಲಿ ‘ಹಯಾಟಸ್ ಹರ್ನಿಯಾ’ ಎಂಬ ಪದಗಳನ್ನು ಕಂಡ ಕೂಡಲೇ ರೋಗಿಯ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಆಪರೇಷನ್ ಆಗಲೇಬೇಕೆ? ಹರ್ನಿಯಾ ಎಂದರೆ ತೊಡೆಸಂದಿನಲ್ಲೋ ಹೊಕ್ಕುಳ ಬಳಿಯಲ್ಲೋ ಉಬ್ಬಿ ನಿಲ್ಲುವ, ಹೊಲಿಗೆ ಹಾಕದ ಹೊರತು ಗುಣವಾಗದ ಕಾಯಿಲೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿರುವುದೇ ಈ ಆತಂಕಕ್ಕೆ ಕಾರಣ. ಆದರೆ ಎದೆಗೂ ಹೊಟ್ಟೆಗೂ ನಡುವಿನ ಗಡಿಯಲ್ಲಿ ಉಂಟಾಗುವ ಈ ಹರ್ನಿಯಾದ ಸ್ವಭಾವವೇ ಬೇರೆ. ಇದಿರುವ ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಬೀಳುವುದಿಲ್ಲ. ಅಗತ್ಯವಿರುವ ಕೆಲವರು ಮಾತ್ರ ಅದನ್ನು ಮುಂದೂಡುತ್ತ ಹೋದರೆ ಅಪಾಯಕ್ಕೆ ಗುರಿಯಾಗುತ್ತಾರೆ. ಆದ್ದರಿಂದ ಹರ್ನಿಯಾ ಇದೆಯೇ ಎಂಬುದಕ್ಕಿಂತ, ಅದು ಯಾವ ಬಗೆಯದು ಮತ್ತು ಏನು ತೊಂದರೆ ಕೊಡುತ್ತಿದೆ ಎಂಬುದೇ ಚಿಕಿತ್ಸೆಯನ್ನು ನಿರ್ಧರಿಸುತ್ತದೆ.

ಯಾದಗಿರಿ ಜಿಲ್ಲೆಯ ಸೈದಾಪುರದಂತಹ ಊರುಗಳ ಜನರಿಗೆ ಈ ನಿರ್ಧಾರ ಇನ್ನಷ್ಟು ಭಾರವಾದುದು. ಮುಂಬೈ–ಚೆನ್ನೈ ರೈಲು ಮಾರ್ಗದಲ್ಲಿ, ಯಾದಗಿರಿಗೂ ರಾಯಚೂರಿಗೂ ನಡುವೆ ಇರುವ ಈ ಊರಿನವರು ತಜ್ಞ ವೈದ್ಯರನ್ನು ಕಾಣಬೇಕಾದರೆ ಒಂದು ದಿಕ್ಕಿಗೆ ಯಾದಗಿರಿ ಮತ್ತು ಕಲಬುರಗಿ, ಇನ್ನೊಂದು ದಿಕ್ಕಿಗೆ ರಾಯಚೂರು, ಗಡಿ ದಾಟಿದರೆ ಹೈದರಾಬಾದು. ಒಂದೊಂದು ಪರೀಕ್ಷೆಗೂ ಒಂದು ದಿನದ ದುಡಿಮೆ ಹೋಗುತ್ತದೆ, ಜೊತೆಗೊಬ್ಬರು ಬರಬೇಕಾಗುತ್ತದೆ. ಹೀಗಾಗಿ ಅನೇಕರು ಔಷಧ ಅಂಗಡಿಯ ‘ಗ್ಯಾಸ್ ಮಾತ್ರೆ’ಯಲ್ಲೇ ವರ್ಷಗಟ್ಟಲೆ ದಿನ ತಳ್ಳುತ್ತಾರೆ. ಯಾವ ಪರೀಕ್ಷೆ ಏತಕ್ಕೆ, ಯಾವ ಹಂತದಲ್ಲಿ ಪ್ರಯಾಣ ಅನಿವಾರ್ಯ ಎಂಬುದು ಮೊದಲೇ ತಿಳಿದಿದ್ದರೆ ಹಣವೂ ಸಮಯವೂ ಉಳಿಯುತ್ತವೆ. ನಗರಗಳಲ್ಲಿ ನೆಲೆಸಿ, ಊರಿನಲ್ಲಿರುವ ತಂದೆ-ತಾಯಿಯರ ಚಿಕಿತ್ಸೆಯನ್ನು ದೂರವಾಣಿಯಲ್ಲೇ ನಿರ್ಧರಿಸಬೇಕಾದ ಮಕ್ಕಳಿಗೂ ಈ ಮಾಹಿತಿ ಉಪಯುಕ್ತ.

ಏನಿದು ಹಯಾಟಲ್ ಹರ್ನಿಯಾ?

ಎದೆಗೂಡನ್ನೂ ಉದರವನ್ನೂ ಬೇರ್ಪಡಿಸುವ ಗುಮ್ಮಟದಾಕಾರದ ಸ್ನಾಯುವಿಗೆ ವಪೆ ಎಂದು ಹೆಸರು. ಉಸಿರಾಟದ ಮುಖ್ಯ ಸ್ನಾಯುವೂ ಇದೇ. ಗಂಟಲಿನಿಂದ ಇಳಿದು ಬರುವ ಅನ್ನನಾಳ ಈ ವಪೆಯಲ್ಲಿರುವ ಒಂದು ರಂಧ್ರದ ಮೂಲಕ ಹಾದು ಜಠರವನ್ನು ಸೇರುತ್ತದೆ. ಅನ್ನನಾಳದ ಕೆಳತುದಿಯಲ್ಲಿ ಬಿಗಿಯುಂಗುರದಂತಹ ಒಂದು ಸ್ನಾಯುವಿದ್ದು, ವಪೆಯೂ ಹೊರಗಿನಿಂದ ಅದನ್ನು ಹಿಡಿದಿರುತ್ತದೆ. ಇವೆರಡೂ ಒಂದೇ ಮಟ್ಟದಲ್ಲಿ ಕೂಡಿ ಕೆಲಸ ಮಾಡುವುದರಿಂದಲೇ ಜಠರದ ಆಮ್ಲ ಮೇಲಕ್ಕೆ ಉಕ್ಕುವುದಿಲ್ಲ.

ವಯಸ್ಸಾದಂತೆ ಈ ಭಾಗದ ಕಟ್ಟುಗಳು ಸಡಿಲಗೊಳ್ಳುತ್ತವೆ. ಬೊಜ್ಜು, ಗರ್ಭಾವಸ್ಥೆ, ದೀರ್ಘಕಾಲದ ಕೆಮ್ಮು, ಮಲಬದ್ಧತೆಯಿಂದ ಮುಕ್ಕುವುದು, ಭಾರ ಎತ್ತುವುದು ಮೊದಲಾದವು ಹೊಟ್ಟೆಯೊಳಗಿನ ಒತ್ತಡವನ್ನು ಹೆಚ್ಚಿಸುತ್ತವೆ. ರಂಧ್ರ ಅಗಲವಾಗಿ ಜಠರದ ಮೇಲ್ಭಾಗ ಎದೆಯತ್ತ ಜಾರಿದಾಗ ಹಯಾಟಲ್ ಹರ್ನಿಯಾ ಉಂಟಾಗುತ್ತದೆ. ಹೊರಗಿನಿಂದ ಯಾವ ಉಬ್ಬೂ ಕಾಣುವುದಿಲ್ಲ. ಬಟ್ಟಿ ಜಾರಿದೆ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಎದೆಗೂಡಿನೊಳಗೆ ಸರಿದ ಜಠರವನ್ನು ಹೀಗೆ ತಿಕ್ಕಿ ಕೆಳಗಿಳಿಸಲು ಸಾಧ್ಯವಿಲ್ಲ.

ನಾಲ್ಕು ಬಗೆಗಳು

ವೈದ್ಯರು ಇದನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೊದಲನೆಯದು ಜಾರುವ ಹರ್ನಿಯಾ. ಅನ್ನನಾಳ ಮತ್ತು ಜಠರ ಕೂಡುವ ಸ್ಥಳವೇ ಮೇಲಕ್ಕೆ ಸರಿದು, ಮತ್ತೆ ಕೆಳಗೆ ಬರಬಹುದಾದ ಬಗೆ ಇದು. ಒಟ್ಟು ಪ್ರಕರಣಗಳಲ್ಲಿ ಶೇ 95ರಷ್ಟು ಇದೇ ಬಗೆಯವು. ಇದರ ಮುಖ್ಯ ತೊಂದರೆ ಆಮ್ಲ ಮೇಲಕ್ಕೆ ಉಕ್ಕುವುದು. ಯಾವ ತೊಂದರೆಯನ್ನೂ ಕೊಡದಿದ್ದರೆ ಇದಕ್ಕೆ ಚಿಕಿತ್ಸೆಯೇ ಬೇಡ.

ಎರಡನೆಯ ಬಗೆಯಲ್ಲಿ ಕೂಡುಸ್ಥಳ ತನ್ನ ಜಾಗದಲ್ಲೇ ಇದ್ದು, ಜಠರದ ಮೇಲ್ಭಾಗ ಅನ್ನನಾಳದ ಪಕ್ಕದಿಂದ ಎದೆಗೆ ನುಗ್ಗುತ್ತದೆ. ಮೂರನೆಯದು ಇವೆರಡರ ಮಿಶ್ರಣ. ನಾಲ್ಕನೆಯದರಲ್ಲಿ ಜಠರದೊಡನೆ ಕರುಳು ಅಥವಾ ಬೇರೊಂದು ಅಂಗವೂ ಮೇಲೇರಿರುತ್ತದೆ. ಈ ಮೂರೂ ಅಪರೂಪದವು, ಹೆಚ್ಚಾಗಿ ವಯಸ್ಸಾದವರಲ್ಲಿ ಕಾಣುವಂಥವು. ಇಲ್ಲಿ ಭಯ ಎದೆಯುರಿಯದ್ದಲ್ಲ. ಜಠರ ತಿರುಚಿಕೊಂಡು ರಕ್ತಸಂಚಾರ ನಿಲ್ಲಬಹುದು ಎಂಬುದು. ಆದ್ದರಿಂದ ವರದಿಯಲ್ಲಿ ಹರ್ನಿಯಾ ಎಂದಿದ್ದರೆ ಯಾವ ಬಗೆ, ಎಷ್ಟು ಸೆಂಟಿಮೀಟರ್ ಎಂದು ಮೊದಲು ಕೇಳಬೇಕು.

ಲಕ್ಷಣಗಳು ಮತ್ತು ಎರಡು ಎಚ್ಚರಿಕೆಗಳು

ಊಟದ ನಂತರ ಎದೆಮೂಳೆಯ ಹಿಂದೆ ಉರಿ, ಹುಳಿತೇಗು, ಬಗ್ಗಿದಾಗ ಅಥವಾ ಮಲಗಿದಾಗ ಬಾಯಿಗೆ ಹುಳಿನೀರು ಬರುವುದು ಸಾಮಾನ್ಯ ಲಕ್ಷಣಗಳು. ಕೆಲವರಲ್ಲಿ ಒಣಕೆಮ್ಮು, ಬೆಳಗಿನ ಹೊತ್ತು ಧ್ವನಿ ಒಡೆಯುವುದು, ರಾತ್ರಿ ಉಸಿರುಗಟ್ಟಿದಂತಾಗಿ ಎಚ್ಚರವಾಗುವುದು ಮಾತ್ರ ಕಂಡುಬರಬಹುದು. ಪಕ್ಕದಿಂದ ನುಗ್ಗಿದ ದೊಡ್ಡ ಹರ್ನಿಯಾ ಇದ್ದರೆ ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಊಟದ ನಂತರ ಎದೆ ಬಿಗಿತ ಮತ್ತು ಏದುಸಿರು ಕಾಣಿಸುತ್ತವೆ.

ಮೊದಲ ಎಚ್ಚರಿಕೆ ಎದೆನೋವಿನ ಬಗ್ಗೆ. ಹರ್ನಿಯಾ ಇದೆ ಎಂದು ಗೊತ್ತಿರುವವರೂ ಹೊಸದಾಗಿ ಬಂದ ಎದೆನೋವನ್ನು ತಾವೇ ‘ಗ್ಯಾಸ್’ ಎಂದು ತೀರ್ಮಾನಿಸಬಾರದು. ಬೆವರು, ಎಡಗೈ ಅಥವಾ ದವಡೆಗೆ ಹರಡುವ ನೋವು, ನಡೆದಾಗ ಹೆಚ್ಚಾಗುವ ಬಿಗಿತ ಇದ್ದರೆ ಮೊದಲು ಇಸಿಜಿ ಆಗಬೇಕು, ಎಂಡೋಸ್ಕೋಪಿ ಆಮೇಲೆ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶವೇ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಹೃದ್ರೋಗ ತಜ್ಞರೊಡನೆ ಜೋಡಿಸಿ, ಹೃದಯಾಘಾತ ಖಚಿತವಾದವರಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ನೀಡುವುದು. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಯೂ ಇದೆ. ಸೋಡಾ ಕುಡಿದು ತೇಗು ಬರಲೆಂದು ಕಾಯುವ ಒಂದು ಗಂಟೆ ಕೆಲವೊಮ್ಮೆ ಜೀವಕ್ಕೇ ಎರವಾಗುತ್ತದೆ.

ಎರಡನೆಯ ಎಚ್ಚರಿಕೆ ರಕ್ತಹೀನತೆಯ ಬಗ್ಗೆ. ದೊಡ್ಡ ಹರ್ನಿಯಾ ಇರುವವರಲ್ಲಿ ವಪೆಯ ಮಟ್ಟದಲ್ಲಿ ಜಠರದ ಒಳಪದರ ಉಜ್ಜಿ, ‘ಕ್ಯಾಮರೂನ್ ಹುಣ್ಣು’ ಎಂಬ ಸೀಳುಗಾಯಗಳಾಗುತ್ತವೆ. ಅವುಗಳಿಂದ ಕಣ್ಣಿಗೆ ಕಾಣದಷ್ಟು ರಕ್ತ ತಿಂಗಳುಗಟ್ಟಲೆ ಒಸರುತ್ತದೆ. ಮಹಿಳೆಯರಲ್ಲಿ ರಕ್ತಹೀನತೆ ಸಾಮಾನ್ಯವೆಂದು ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗುವುದುಂಟು. ಮುಟ್ಟು ನಿಂತ ಮಹಿಳೆಯರಲ್ಲಿ ಅಥವಾ ಪುರುಷರಲ್ಲಿ ಕಬ್ಬಿಣದ ಕೊರತೆ ಕಂಡರೆ ರಕ್ತ ಎಲ್ಲಿ ಸೋರುತ್ತಿದೆ ಎಂದು ಹುಡುಕಲೇಬೇಕು. ನುಂಗಲು ತೊಡಕು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂತಹ ಕಪ್ಪು ಮಲ, ಪದೇ ಪದೇ ವಾಂತಿ ಇವುಗಳಲ್ಲಿ ಯಾವುದಾದರೊಂದು ಇದ್ದರೂ ಎಂಡೋಸ್ಕೋಪಿಯನ್ನು ಮುಂದೂಡಬಾರದು.

ಯಾವ ಪರೀಕ್ಷೆ, ಏತಕ್ಕೆ?

ಎಚ್ಚರಿಕೆಯ ಲಕ್ಷಣಗಳಿಲ್ಲದ ಸಾಮಾನ್ಯ ಎದೆಯುರಿಗೆ ವೈದ್ಯರು ಮೊದಲು ಎಂಟು ವಾರ ಮಾತ್ರೆ ಕೊಟ್ಟು ನೋಡುವುದು ರೂಢಿ. ಆಗಲೂ ಕಡಿಮೆಯಾಗದಿದ್ದರೆ ಅಥವಾ ಮಾತ್ರೆ ನಿಲ್ಲಿಸಿದೊಡನೆ ಮರುಕಳಿಸಿದರೆ ಎಂಡೋಸ್ಕೋಪಿ ಮಾಡಲಾಗುತ್ತದೆ. ವರದಿಯಲ್ಲಿ ‘ಲ್ಯಾಕ್ಸ್ ಎಲ್‌ಇಎಸ್’ ಎಂದಿದ್ದರೆ ಕೆಳಗಿನ ಬಿಗಿಯುಂಗುರ ಸಡಿಲವಾಗಿದೆ ಎಂದರ್ಥ, ಅದೊಂದೇ ರೋಗವಲ್ಲ. ಅನ್ನನಾಳದಲ್ಲಿ ಹುಣ್ಣಾಗಿದ್ದರೆ ಅದರ ತೀವ್ರತೆಯನ್ನು ಎ, ಬಿ, ಸಿ, ಡಿ ಎಂದು ಗುರುತಿಸುತ್ತಾರೆ. ಎ ಅತಿ ಕಡಿಮೆ, ಡಿ ಅತಿ ಹೆಚ್ಚು. ಅನ್ನನಾಳದ ಒಳಪದರ ಬದಲಾಗಿ ‘ಬ್ಯಾರೆಟ್’ ಸ್ಥಿತಿ ಉಂಟಾಗಿದ್ದರೆ ಅದು ಮುಂದೆ ಕ್ಯಾನ್ಸರಿಗೆ ತಿರುಗುವ ಸಾಧ್ಯತೆ ಅಲ್ಪಪ್ರಮಾಣದಲ್ಲಿ ಇರುವುದರಿಂದ ನಿಯತವಾಗಿ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ.

ಬೇರಿಯಂ ದ್ರವ ಕುಡಿಸಿ ತೆಗೆಯುವ ಎಕ್ಸ್-ರೇ ಹರ್ನಿಯಾದ ಆಕಾರವನ್ನೂ ಗಾತ್ರವನ್ನೂ ತೋರಿಸುತ್ತದೆ. ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಇನ್ನೆರಡು ಪರೀಕ್ಷೆಗಳು ಮುಖ್ಯ. ಮ್ಯಾನೊಮೆಟ್ರಿ ಅನ್ನನಾಳದ ಸ್ನಾಯುಗಳ ಬಲವನ್ನು ಅಳೆಯುತ್ತದೆ. 24 ಗಂಟೆಗಳ ಪಿಎಚ್ ಪರೀಕ್ಷೆ ದಿನದಲ್ಲಿ ಎಷ್ಟು ಹೊತ್ತು ಆಮ್ಲ ಅನ್ನನಾಳದಲ್ಲಿರುತ್ತದೆ ಎಂಬುದನ್ನು ದಾಖಲಿಸುತ್ತದೆ. ಈ ಅವಧಿ ಶೇ 4ಕ್ಕಿಂತ ಕಡಿಮೆ ಇದ್ದರೆ ಸಹಜ, ಶೇ 6ಕ್ಕಿಂತ ಹೆಚ್ಚಿದ್ದರೆ ರೋಗ ಖಚಿತ. ಇವೆರಡು ಪರೀಕ್ಷೆಗಳು ಎಲ್ಲ ಆಸ್ಪತ್ರೆಗಳಲ್ಲೂ ಲಭ್ಯವಿಲ್ಲದ ಕಾರಣ, ಹೊರಡುವ ಮುನ್ನ ದೂರವಾಣಿಯಲ್ಲಿ ವಿಚಾರಿಸಿಕೊಳ್ಳುವುದು ಒಳಿತು.

ದಿನಚರಿಯಲ್ಲಿ ಬದಲಾವಣೆ

ಜಾರುವ ಹರ್ನಿಯಾ ಇರುವವರಿಗೆ ಮೊದಲ ಔಷಧ ದಿನಚರಿಯಲ್ಲೇ ಇದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಕನಿಷ್ಠ ಮೂರು ಗಂಟೆಗಳ ಅಂತರವಿರಬೇಕು. ಹೊಲದಿಂದ ತಡವಾಗಿ ಬಂದು ಉಂಡು ಒಡನೆಯೇ ಮಲಗುವವರಿಗೂ, ನಗರದಲ್ಲಿ ರಾತ್ರಿ ಹತ್ತಕ್ಕೆ ಕಚೇರಿಯಿಂದ ಮರಳುವವರಿಗೂ ಇದು ಕಷ್ಟವೇ. ಅಂಥವರು ಹೊಟ್ಟೆ ತುಂಬುವ ಊಟವನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡು ರಾತ್ರಿ ಅರ್ಧಕ್ಕೆ ಇಳಿಸಬಹುದು.

ಮಲಗುವಾಗ ತಲೆಯ ಕಡೆ 15ರಿಂದ 20 ಸೆಂಟಿಮೀಟರ್ ಎತ್ತರ ಇರಬೇಕು. ಎರಡು ದಿಂಬು ಇಟ್ಟರೆ ಕುತ್ತಿಗೆ ಮಾತ್ರ ಬಾಗಿ ಹೊಟ್ಟೆ ಮತ್ತಷ್ಟು ಒತ್ತುತ್ತದೆ. ಮಂಚ ಅಥವಾ ಹೊರಸಿನ ತಲೆಗಡೆಯ ಕಾಲುಗಳ ಕೆಳಗೆ ಇಟ್ಟಿಗೆ ಇಡುವುದು ಖರ್ಚಿಲ್ಲದ ಉಪಾಯ. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಉಕ್ಕುವುದು ಕಡಿಮೆ. ಬೊಜ್ಜಿರುವವರು ತೂಕ ಇಳಿಸುವುದು ಬೇರೆ ಯಾವ ಪಥ್ಯಕ್ಕಿಂತಲೂ ಹೆಚ್ಚು ಫಲಕಾರಿ. ಗುಟ್ಕಾ, ಬೀಡಿ, ಸಿಗರೇಟು, ಮದ್ಯ ಬಿಡಬೇಕು.

ಜೋಳದ ರೊಟ್ಟಿ ತಿನ್ನಬಹುದೇ ಎಂದು ಹಲವರು ಕೇಳುತ್ತಾರೆ. ರೊಟ್ಟಿಯಿಂದ ತೊಂದರೆಯಿಲ್ಲ, ಅದರ ಜೊತೆಗಿನ ಕೆಂಪು ಖಾರ, ಎಣ್ಣೆ ತೇಲುವ ಪಲ್ಯ ಮತ್ತು ಒಮ್ಮೆಗೆ ಉಣ್ಣುವ ಪ್ರಮಾಣ ತೊಂದರೆ ಕೊಡುತ್ತವೆ. ಸಂಜೆಯ ವಗ್ಗರಣಿ–ಮಿರ್ಚಿ, ಹತ್ತಾರು ಕಪ್ ಚಹಾ, ಗ್ಯಾಸ್ ತುಂಬಿದ ತಂಪುಪಾನೀಯ ಕೆಲವರಿಗೆ ಒಗ್ಗುವುದಿಲ್ಲ. ಎಲ್ಲರಿಗೂ ಒಂದೇ ಪಥ್ಯ ಇಲ್ಲದ ಕಾರಣ, ಎರಡು ವಾರ ತಿಂದದ್ದನ್ನೂ ಉರಿ ಬಂದ ಹೊತ್ತನ್ನೂ ಬರೆದಿಟ್ಟು ತಮಗೆ ಒಗ್ಗದ್ದನ್ನು ಮಾತ್ರ ಬಿಡುವುದು ಜಾಣತನ.

ದುಡಿಮೆಯ ಭಂಗಿಯನ್ನೂ ಗಮನಿಸಬೇಕು. ಭತ್ತದ ನಾಟಿಗೆ ದಿನವಿಡೀ ಬಗ್ಗುವವರು, ಸೊಂಟಕ್ಕೆ ಉಡಿ ಬಿಗಿದು ಹತ್ತಿ ಬಿಡಿಸುವ ಮಹಿಳೆಯರು, ಸಿಮೆಂಟ್ ಚೀಲ ಹೊರುವ ಕಟ್ಟಡ ಕಾರ್ಮಿಕರು ಊಟವಾದ ಒಡನೆ ಈ ಕೆಲಸಗಳಿಗೆ ಇಳಿಯದೆ ಒಂದಷ್ಟು ಹೊತ್ತು ಕುಳಿತೋ ನಿಂತೋ ಮಾಡುವ ಕೆಲಸ ಹಿಡಿಯುವುದು ಲೇಸು. ಉಡಿಯ ಭಾರವನ್ನು ಹೆಗಲಿಗೆ ವರ್ಗಾಯಿಸಿದರೆ ಹೊಟ್ಟೆಯ ಮೇಲಿನ ಬಿಗಿತ ತಪ್ಪುತ್ತದೆ.

ಮಾತ್ರೆ: ಸರಿಯಾದ ಕ್ರಮವೇ ಅರ್ಧ ಚಿಕಿತ್ಸೆ

ಒಮೆಪ್ರಜೋಲ್ 1988ರಲ್ಲಿ ಮಾರುಕಟ್ಟೆಗೆ ಬಂದ ನಂತರ ಆಮ್ಲದ ಕಾಯಿಲೆಗಳ ಚಿಕಿತ್ಸೆಯೇ ಬದಲಾಯಿತು. ಪ್ಯಾಂಟೊಪ್ರಜೋಲ್, ರೆಬಿಪ್ರಜೋಲ್, ಇಸೊಮೆಪ್ರಜೋಲ್ ಅದೇ ಗುಂಪಿನವು. ಜನೌಷಧಿ ಕೇಂದ್ರಗಳಲ್ಲಿ ಇವು ಕಡಿಮೆ ದರಕ್ಕೆ ಸಿಗುತ್ತವೆ. ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗಿದರೆ ಮಾತ್ರ ಪೂರ್ಣ ಫಲ. ಉರಿ ಬಂದಾಗ ಒಂದು, ಬಾರದಿದ್ದರೆ ಇಲ್ಲ ಎಂಬ ಕ್ರಮದಲ್ಲಿ ತೆಗೆದುಕೊಂಡು ‘ಮಾತ್ರೆ ಹತ್ತಲಿಲ್ಲ’ ಎನ್ನುವವರೇ ಹೆಚ್ಚು. ಹಿಂದೆ ಮನೆಮಾತಾಗಿದ್ದ ರಾನಿಟಿಡಿನ್ ಅನ್ನು ಕಲ್ಮಶದ ಆತಂಕದಿಂದ ಅಮೆರಿಕ 2020ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಿತು. ಭಾರತವು 2022ರ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಿಂದ ಕೈಬಿಟ್ಟಿತು.

ದೀರ್ಘಕಾಲ ಮಾತ್ರೆ ನುಂಗಿದರೆ ಮೂತ್ರಪಿಂಡ, ಮೂಳೆ, ಮಿದುಳು ಹಾಳಾಗುತ್ತವೆಯೇ ಎಂಬ ಭಯ ವ್ಯಾಪಕವಾಗಿದೆ. 17,598 ಜನರ ಮೇಲೆ ಸುಮಾರು ಮೂರು ವರ್ಷ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ಯಾಂಟೊಪ್ರಜೋಲ್ ಪಡೆದವರಲ್ಲಿ ಕರುಳಿನ ಸೋಂಕು ತುಸು ಹೆಚ್ಚಿದ್ದುದನ್ನು ಬಿಟ್ಟರೆ ಉಳಿದ ಅಪಾಯಗಳು ದೃಢಪಡಲಿಲ್ಲ. ಹಾಗೆಂದು ಅಗತ್ಯವಿಲ್ಲದೆ ನುಂಗಬಾರದು. ವರ್ಷಗಟ್ಟಲೆ ಬೇಕಾದವರು ಉರಿ ತಡೆಯುವಷ್ಟು ಕನಿಷ್ಠ ಪ್ರಮಾಣಕ್ಕೆ ಇಳಿಸಿಕೊಂಡು, ಬಿ12 ಮತ್ತು ಮೆಗ್ನೀಸಿಯಂ ಮಟ್ಟವನ್ನು ವೈದ್ಯರ ಸಲಹೆಯಂತೆ ನೋಡಿಸಿಕೊಳ್ಳಬೇಕು. ದಿಢೀರನೆ ನಿಲ್ಲಿಸಿದರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚು ಸ್ರವಿಸುವುದರಿಂದ ನಿಧಾನವಾಗಿ ಕಡಿಮೆ ಮಾಡುವುದು ಉತ್ತಮ. ಅಂಗಡಿಗಳಲ್ಲಿ ಕೇಳಿದೊಡನೆ ಕೊಡುವ ಅನೇಕ ಕ್ಯಾಪ್ಸೂಲ್‌ಗಳಲ್ಲಿ ಡಾಂಪೆರಿಡೋನ್ ಕೂಡ ಸೇರಿರುತ್ತದೆ. ಹೃದಯದ ಲಯದ ತೊಂದರೆ ಇರುವವರಿಗೆ ಅದು ಅಪಾಯಕಾರಿಯಾಗಬಹುದು.

ಶಸ್ತ್ರಚಿಕಿತ್ಸೆ ಯಾರಿಗೆ?

ಜರ್ಮನಿ ಮೂಲದ ಶಸ್ತ್ರವೈದ್ಯ ರುಡಾಲ್ಫ್ ನಿಸ್ಸೆನ್ 1956ರಲ್ಲಿ ಪ್ರಕಟಿಸಿದ ವಿಧಾನವೇ ಇಂದಿಗೂ ಆಧಾರ. ಜಠರವನ್ನು ಕೆಳಗೆಳೆದು, ಅಗಲವಾದ ರಂಧ್ರವನ್ನು ಹೊಲಿದು, ಜಠರದ ಮೇಲ್ಭಾಗವನ್ನು ಅನ್ನನಾಳದ ಸುತ್ತ ಕೊರಳಪಟ್ಟಿಯಂತೆ ಸುತ್ತಿ ಹೊಲಿಯಲಾಗುತ್ತದೆ. 1991ರಿಂದ ಇದನ್ನು ಲ್ಯಾಪರೊಸ್ಕೋಪಿ ಮೂಲಕ, ಕೆಲವೇ ಸಣ್ಣ ರಂಧ್ರಗಳಿಂದ ಮಾಡುವುದು ರೂಢಿಗೆ ಬಂತು. ಪೂರ್ಣ ಸುತ್ತಿನ ಬದಲು ಅರೆಸುತ್ತು ಹಾಕುವ ವಿಧಾನಗಳೂ ಇವೆ. ಅವುಗಳಲ್ಲಿ ನುಂಗುವ ತೊಡಕು ಕಡಿಮೆ.

ಮಾತ್ರೆ ಮತ್ತು ಶಸ್ತ್ರಚಿಕಿತ್ಸೆಯನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವೊಂದರಲ್ಲಿ ಐದು ವರ್ಷಗಳ ನಂತರ ಮಾತ್ರೆಯ ಗುಂಪಿನ ಶೇ 92, ಶಸ್ತ್ರಚಿಕಿತ್ಸೆಯ ಗುಂಪಿನ ಶೇ 85 ಮಂದಿ ನೆಮ್ಮದಿಯಾಗಿದ್ದರು. ಎಂದರೆ ಮಾತ್ರೆಯಿಂದ ಚೆನ್ನಾಗಿರುವವರಿಗೆ ಶಸ್ತ್ರಚಿಕಿತ್ಸೆ ಆಯ್ಕೆಯೇ ಹೊರತು ಅನಿವಾರ್ಯವಲ್ಲ.

ಮಾತ್ರೆ ಫಲಿಸದವರ ಕಥೆ ಬೇರೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನಕ್ಕೆ ‘ಮಾತ್ರೆಗೆ ಬಗ್ಗದ ಎದೆಯುರಿ’ಯ 366 ಮಂದಿ ಬಂದಿದ್ದರು. ಅವರಲ್ಲಿ 42 ಮಂದಿಗೆ ಒಮೆಪ್ರಜೋಲ್ ಅನ್ನು ಕ್ರಮವಾಗಿ ಎರಡು ವಾರ ಕೊಟ್ಟಾಗಲೇ ಗುಣ ಕಂಡಿತು. 99 ಮಂದಿಗೆ ಇದ್ದುದು ಆಮ್ಲದ ರೋಗವೇ ಅಲ್ಲ, ಅನ್ನನಾಳದ ಅತಿಸಂವೇದನೆ. ಎಲ್ಲ ಜರಡಿಗಳನ್ನು ದಾಟಿ ಉಳಿದವರು 78 ಮಂದಿ. ಅವರಲ್ಲಿ ಶಸ್ತ್ರಚಿಕಿತ್ಸೆ ಪಡೆದ ಶೇ 67ರಷ್ಟು ಜನರಿಗೆ ಫಲ ದೊರೆಯಿತು. ಔಷಧ ಹೆಚ್ಚಿಸಿದವರಲ್ಲಿ ಫಲ ಕಂಡವರು ಶೇ 28 ಮಾತ್ರ. ಸರಿಯಾಗಿ ಆರಿಸಿದ ರೋಗಿಗೆ ಶಸ್ತ್ರಚಿಕಿತ್ಸೆ ವರದಾನ. ಪರೀಕ್ಷೆಯಿಲ್ಲದೆ ಮಾಡಿಸಿಕೊಂಡರೆ ಉರಿಯೂ ಉಳಿಯುತ್ತದೆ, ಹೊಸ ತೊಂದರೆಯೂ ಸೇರುತ್ತದೆ ಎಂಬುದೇ ಇದರ ತಾತ್ಪರ್ಯ.

ಪಕ್ಕದಿಂದ ನುಗ್ಗುವ ಹರ್ನಿಯಾ ಲಕ್ಷಣ ತೋರುತ್ತಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತಾರೆ. ಲಕ್ಷಣವೇ ಇಲ್ಲದ ವೃದ್ಧರಲ್ಲಿ ಹಾಗಲ್ಲ. ತುರ್ತು ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ವರ್ಷಕ್ಕೆ ಸುಮಾರು ಶೇ 1.1 ಎಂದು 2002ರ ಲೆಕ್ಕಾಚಾರವೊಂದು ತೋರಿಸಿದ ಮೇಲೆ, ಕಾದು ನೋಡುವುದೂ ಒಪ್ಪಿತ ಮಾರ್ಗವಾಗಿದೆ.

ನಂತರದ ದಿನಗಳು

ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಗಂಜಿ, ಸಾರು, ಮೆತ್ತನೆಯ ಅನ್ನ ಇಂತಹ ಆಹಾರವೇ ಗತಿ. ರೊಟ್ಟಿ, ಮಾಂಸದ ತುಂಡುಗಳಿಗೆ ಅವಸರ ಸಲ್ಲದು. ಸುಮಾರು ಆರು ವಾರ ಭಾರ ಎತ್ತಬಾರದು. ಕೂಲಿಯನ್ನೇ ನಂಬಿದವರು ಸುಗ್ಗಿಯ ಕಾಲವನ್ನು ತಪ್ಪಿಸಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ನುಂಗುವಾಗ ತೊಡಕು, ತೇಗು ಬಾರದೆ ಹೊಟ್ಟೆ ಉಬ್ಬುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಬಹುತೇಕರಲ್ಲಿ ಕ್ರಮೇಣ ಇಳಿಯುತ್ತದೆ.

ಇದು ಶಾಶ್ವತ ಪರಿಹಾರ ಎಂದು ಯಾರಾದರೂ ಭರವಸೆ ಕೊಟ್ಟರೆ ಎಚ್ಚರ ವಹಿಸಬೇಕು. ಸ್ವೀಡನ್‌ನಲ್ಲಿ 2,655 ಮಂದಿಯನ್ನು ಸರಾಸರಿ ಐದು ವರ್ಷ ಗಮನಿಸಿದ 2017ರ ಅಧ್ಯಯನದಲ್ಲಿ ಶೇ 17.7 ಮಂದಿಗೆ ತೊಂದರೆ ಮರುಕಳಿಸಿತ್ತು. ಅವರಲ್ಲಿ ಹೆಚ್ಚಿನವರು ಮತ್ತೆ ಮಾತ್ರೆಗೆ ಮರಳಿದರು, ಕೆಲವರಿಗೆ ಮರುಶಸ್ತ್ರಚಿಕಿತ್ಸೆ ಬೇಕಾಯಿತು.

ಎಲ್ಲಿಗೆ ಹೋಗಬೇಕು? ವೆಚ್ಚ ಹೇಗೆ?

ಸೈದಾಪುರ ಭಾಗದವರಿಗೆ ಮೊದಲ ಮೆಟ್ಟಿಲು ಸ್ಥಳೀಯ ಸರ್ಕಾರಿ ಆಸ್ಪತ್ರೆ. ನಂತರ ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ರಾಯಚೂರಿನ ರಿಮ್ಸ್, ಕಲಬುರಗಿಯ ಜಿಮ್ಸ್ ಇವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜೀರ್ಣಾಂಗ ರೋಗಗಳಿಗೇ ಮೀಸಲಾದ ಸರ್ಕಾರಿ ಸಂಸ್ಥೆಯಿದೆ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಆರಂಭವಾಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ 30ರಂತೆ 1.5 ಲಕ್ಷ ರೂಪಾಯಿವರೆಗೆ ನೆರವು ಇದರಲ್ಲಿದೆ. ತುರ್ತಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು; ಅಲ್ಲಿ ಸೌಲಭ್ಯವಿಲ್ಲದಿದ್ದಾಗ ಶಿಫಾರಸು ಪತ್ರ ಪಡೆದು ನೋಂದಾಯಿತ ಖಾಸಗಿ ಆಸ್ಪತ್ರೆಗೆ ತೆರಳಬೇಕು. ಈ ಪತ್ರವಿಲ್ಲದೆ ನೇರವಾಗಿ ದಾಖಲಾದರೆ ಖರ್ಚೆಲ್ಲ ತಮ್ಮ ತಲೆಯ ಮೇಲೆಯೇ ಬರಬಹುದು. ತಮ್ಮ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಪಡಿತರ ಚೀಟಿ, ಆಧಾರ್, ಹಳೆಯ ವರದಿಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನು ಒಂದೇ ಚೀಲದಲ್ಲಿಟ್ಟುಕೊಂಡು ಹೊರಟರೆ ಅನೇಕ ಅಲೆದಾಟ ತಪ್ಪುತ್ತದೆ.

ಕಾಯಬಾರದ ಹೊತ್ತು

ಮೇಲುಹೊಟ್ಟೆ ಅಥವಾ ಎದೆಯಲ್ಲಿ ಹಠಾತ್ ತೀವ್ರ ನೋವು, ಓಕರಿಕೆ ಉಕ್ಕುತ್ತಿದ್ದರೂ ವಾಂತಿ ಬಾರದಿರುವುದು, ನೀರೂ ಇಳಿಯದಿರುವುದು, ರಕ್ತವಾಂತಿ, ಕಪ್ಪು ಮಲದೊಡನೆ ತಲೆಸುತ್ತು ಇವು ಜಠರ ತಿರುಚಿರುವ ಅಥವಾ ರಕ್ತಸ್ರಾವದ ಸೂಚನೆಗಳು. ಆಗ ಬೆಳಗಿನ ರೈಲಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಉಳಿದೆಲ್ಲ ಸಂದರ್ಭಗಳಲ್ಲಿ ಅವಸರವಿಲ್ಲ. ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಡುವ ಮುನ್ನ ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು ಇವು: ನನ್ನದು ಯಾವ ಬಗೆಯ ಹರ್ನಿಯಾ? ನನ್ನ ತೊಂದರೆಗೆ ಅದೇ ಕಾರಣ ಎಂಬುದು ಯಾವ ಪರೀಕ್ಷೆಯಿಂದ ಖಚಿತವಾಗಿದೆ? ಮಾತ್ರೆಯನ್ನು ಕ್ರಮವಾಗಿ ನುಂಗಿ ನೋಡಿದ್ದೇನೆಯೇ? ಈ ಶಸ್ತ್ರಚಿಕಿತ್ಸೆಯನ್ನು ತಾವು ವರ್ಷಕ್ಕೆ ಎಷ್ಟು ಮಾಡುತ್ತೀರಿ? ಮಾಡಿಸಿಕೊಳ್ಳದಿದ್ದರೆ ಏನಾಗಬಹುದು? ಈ ಪ್ರಶ್ನೆಗಳಿಗೆ ಸಮಾಧಾನವಾಗಿ ಉತ್ತರಿಸುವ ವೈದ್ಯರು ಸಿಕ್ಕರೆ ನಿರ್ಧಾರದ ಭಾರ ಅರ್ಧ ಇಳಿಯುತ್ತದೆ. ಉತ್ತರ ಸಿಗದಿದ್ದಲ್ಲಿ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು.